ಒಂದು ಜಗಳಕ್ಕೆ ಒಂದೇ ವಿಷಯ

ಟೈಲರ್: ದಾನ ಕೊಟ್ಟ ಹಸುವಿನ ಹಲ್ಲು ಎಣಿಸ್ತಾರಲ್ಲೇ ಇವರು! ಪುಕ್ಕಟೆ ಮಾಡಿಕೊಟ್ಟಿದ್ದನ್ನ ವಾಪಸ್ ಕಳಿಸಿದಾರೆ!

ಹೆಂಡತಿ: ಮೆಲ್ಲಗೆ ರೀ. ಗುದ್ದಬೇಡಿ, ಲ್ಯಾಪ್‌ಟಾಪ್ ನಂದು.

ಅಂಗಡಿಯೆಂದರೆ ಒಂದೇ ಕೋಣೆ. ಎರಡು ಹೊಲಿಗೆ ಯಂತ್ರ, ಒಂದು ಕತ್ತರಿಸುವ ಮೇಜು, ಮೇಜಿನ ಮೇಲೆ ಸೀಮೆಸುಣ್ಣದ ಪುಡಿ ಮೆತ್ತಿದ ಲ್ಯಾಪ್‌ಟಾಪ್. ಅಳತೆ ಕೊಟ್ಟರೆ ಬಟ್ಟೆಯ ನಕ್ಷೆ ಬರೆದುಕೊಡುವ ತಂತ್ರಾಂಶ ಅದರಲ್ಲಿತ್ತು. ಅದು ಯಾವ ಕಂಪನಿಯ ಸೊತ್ತೂ ಅಲ್ಲ. ಎಲ್ಲೆಲ್ಲಿಯದೋ ದರ್ಜಿಗಳು ಕೂಡಿ ಕಟ್ಟಿದ್ದು. ಯಾರು ಬೇಕಾದರೂ ಬಳಸಬಹುದು, ತಪ್ಪು ಕಂಡವರು ತಿದ್ದಿ ಕಳಿಸಬಹುದು. ಹೆಗಲು ಇಳಿಜಾರಾಗಿದ್ದವರಿಗೆ ಅದು ತೋಳನ್ನು ಅರ್ಧ ಇಂಚು ಗಿಡ್ಡ ಮಾಡುತ್ತಿತ್ತು. ನಮ್ಮ ಟೈಲರ್ ಮೂರು ವಾರ ತಲೆ ಕೆರೆದುಕೊಂಡು ಅದನ್ನು ಸರಿಮಾಡಿದ್ದ. ತಿದ್ದಿದವರ ಹೆಸರು ಪಟ್ಟಿಯಲ್ಲಿ ಬರುತ್ತದಂತೆ! ಮೂವತ್ತು ವರ್ಷ ಅವನ ಹೆಸರು ಇದ್ದದ್ದು ಕಾಲರಿನ ಒಳಮಗ್ಗುಲಲ್ಲಿ, ತೊಟ್ಟವನಿಗೂ ಕಾಣದ ಕಡೆ. ಒಂದೇ ಒಂದು ಸಲ ಅದು ಹೊರಗೆ ಕಾಣಬೇಕು ಅನ್ನುವುದು ಅವನ ಆಸೆ.

ಹೆಂಡತಿ: (ಕಾಜ ಹೊಲಿಯುತ್ತಾ) ಯಾಕಂತೆ ವಾಪಸ್? ನೇರ ಅಸಲಿಗೇ ಕತ್ತರಿ ಹಾಕಿದ್ರಾ?

ಟೈಲರ್: ನಾನೇನು ನಿನ್ನೆ ಸೂಜಿ ಹಿಡಿದವನಾ? ಗಿರಾಕಿ ಬಟ್ಟೆ ಕತ್ತರಿಸೋ ಮುಂಚೆ ಕಾಗದದ ಮೇಲೆ ಕತ್ತರಿಸಿ ನೋಡಲ್ವಾ? ಹಾಗೇ ಅಸಲಿನ ಪಕ್ಕದಲ್ಲಿ ಒಂದು ಬ್ರಾಂಚ್, ಅಂದ್ರೆ ಅದರದೇ ಒಂದು ನಕಲು, ಮಾಡಿಕೊಂಡು, ಅದರಲ್ಲೇ ತಿದ್ದಿ ಕಳಿಸಿದ್ದು. ಸರಿ ಅನಿಸಿದ್ರೆ ಅಸಲಿಗೆ ಸೇರಿಸ್ಕೊಳ್ಳಿ ಅಂತ.

ಹೆಂಡತಿ: ಮತ್ತೆ ಗೂಬೆಯವರು ಏನಂದ್ರು?

ಬಂದ ತಿದ್ದುಪಡಿಗಳನ್ನು ಒಪ್ಪುವ ಬಿಡುವ ಅಧಿಕಾರ ಒಬ್ಬರದು. ಅವರ ಮುಖ ಇವರು ಕಂಡವರಲ್ಲ. ಹೆಸರಿನ ಪಕ್ಕ ಒಂದು ಗೂಬೆಯ ಚಿತ್ರವಿತ್ತು. ಹಾಗಾಗಿ ಗಂಡಹೆಂಡಿರ ಬಾಯಲ್ಲಿ ಅವರು ಗೂಬೆಯವರು.

ಟೈಲರ್: 'ತೋಳು ಚೆನ್ನಾಗಿದೆ. ಆದರೆ ಒಂದೇ ಬ್ರಾಂಚಲ್ಲಿ ಐದು ಬದಲಾವಣೆ ತುರುಕಿದ್ದೀರಿ. ಒಂದೊಂದಕ್ಕೆ ಒಂದೊಂದು ಬ್ರಾಂಚ್ ಮಾಡಿ. ಈ ಸಲದ ತಿದ್ದುಪಡಿಗೆ ಇವತ್ತು ಐದು ಗಂಟೆಗೆ ಬಾಗಿಲು ಹಾಕ್ತೀವಿ' ಅಂತೆ.

ಹೆಂಡತಿ: ಐದಾ? ತೋಳು ಒಂದು. ಇನ್ನು ನಾಲ್ಕು ಏನು?

ಟೈಲರ್: ಹೇಗೂ ಒಳಗೆ ಹೋಗಿದ್ನಲ್ಲ... ಜೇಬು ಎರಡು ಬೆರಳು ಆಳ ಮಾಡಿದೆ. ಗುಂಡಿ ಬಣ್ಣ ಬದಲಾಯಿಸಿದೆ. ಇನ್ನೆರಡು ಚಿಲ್ಲರೆ.

ಹೆಂಡತಿ: ಹೆಡ್‌ಮಾಸ್ತರ ಕೋಟು ನೆನಪಿದೆಯಾ?

ಟೈಲರ್: ಅದ್ಯಾಕೆ ಈಗ?

ಹೆಂಡತಿ: ತೋಳು ಗಿಡ್ಡ ಮಾಡಿ ಅಂತ ಕೊಟ್ರು. ನೀವು ಗುಂಡಿ ಬದಲಾಯಿಸಿ, ಜೇಬು ಕಿತ್ತು, ಕಾಲರು ತಿರುಗಿಸಿ ಕೊಟ್ರಿ. ತೋಳು ಹೇಗಿತ್ತು?

ಟೈಲರ್: ಬಂಗಾರ!

ಹೆಂಡತಿ: ಆದ್ರೂ ಕೋಟು ವಾಪಸ್ ಬಂತು.

ಟೈಲರ್ ಟೇಪನ್ನು ಕತ್ತಿನಿಂದ ತೆಗೆದ, ಮತ್ತೆ ಹಾಕಿಕೊಂಡ. ಗಡಿಯಾರ ನಾಲ್ಕು ತೋರಿಸುತ್ತಿತ್ತು.

ಟೈಲರ್: ಹೇಳೋದು ನೋಡು, ನೀನೇನು ಕಮ್ಮಿಯಾ? ಮೊನ್ನೆ ಸೂಜಿ ಎಲ್ಲಿ ಅಂದಿದ್ದಕ್ಕೆ ನನ್ನ ಗೊರಕೆ ಬಂತು, ನಮ್ಮಕ್ಕನ ನಾಲಿಗೆ ಬಂತು, ಹದಿನೆಂಟು ವರ್ಷದ ಹಿಂದೆ ತಪ್ಪಿಸಿದ ರೈಲೂ ಬಂತು. ಸೂಜಿ ಮಾತ್ರ ಬರಲಿಲ್ಲ! ಇವತ್ತಿಂದ ಮನೆಗೂ ಗೂಬೆಯವರ ಕಾನೂನೇ. ಒಂದು ಜಗಳಕ್ಕೆ ಒಂದೇ ವಿಷಯ!

ಹೆಂಡತಿ: ಆಯ್ತು, ಒಪ್ಪಿದೆ. ಈಗ ತೋಳು ನೋಡಿ.

ಟೈಲರ್ ಅಸಲಿನಿಂದ ಹೊಸ ಬ್ರಾಂಚ್ ತೆಗೆದ. ಅದಕ್ಕೆ 'ತೋಳು' ಎಂದು ಹೆಸರಿಟ್ಟ. ಕೈ ಗುಂಡಿಯ ಕಡೆಗೆ ಎಳೆದಾಗಲೆಲ್ಲ ಹೆಂಡತಿ ಕೆಮ್ಮಿದಳು. ಐದಕ್ಕೆ ಇಪ್ಪತ್ತು ನಿಮಿಷವಿರುವಾಗ ಕಳಿಸಿದ. ಆಮೇಲೆ ಇಬ್ಬರೂ ಇಸ್ತ್ರಿಪೆಟ್ಟಿಗೆ ಕಾದಂತೆ ಕಾದರು.

ಟೈಲರ್: ಬಂತು! 'ಸೇರಿಸಲಾಗಿದೆ' ಅಂತಿದೆ ಕಣೇ! ಪಟ್ಟಿ ತೆಗಿ, ಪಟ್ಟಿ!

ಕನ್ನಡಕ ಏರಿಸಿ, ಮೇಲಿಂದ ಬೆರಳಿಟ್ಟುಕೊಂಡು ಬಂದ. ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು. ಅಲ್ಲೇ ನಿಂತೇ ಇತ್ತು.

ಟೈಲರ್: ಏನೇ ಇದು? ನಿನ್ನ ಹೆಸರಿದೆ!

ಹೆಂಡತಿ: ಅಯ್ಯೋ, ಹೌದಲ್ಲ! ಮೊದಲನೇ ದಿನ ಅದು 'ನಿಮ್ಮ ಹೆಸರೇನು' ಅಂತ ಕೇಳ್ತು. ನಿಮ್ಮ ಬಾಯ್ತುಂಬ ಗುಂಡುಪಿನ್ನು. ನನ್ನದೇ ಬರೆದೆ. ಇಲ್ಲಿಂದ ಏನು ಹೋದ್ರೂ ಅದೇ ಹೆಸರಲ್ಲಿ ಹೋಗುತ್ತೆ.

ಟೈಲರ್: ಕೈ ಕೆಸರು ನಂದು, ಬಾಯಿ ಮೊಸರು ನಿಂದಾ? ಇದೇನು ಹೊಸದಲ್ಲ ಬಿಡು! ಅವತ್ತು ನಿನ್ನ ತಮ್ಮನ ಕೋಟು ನಾನು ಹೊಲಿದ್ರೆ ಹೊಗಳಿಕೆ ನಿನಗೆ ಬಂತು, ಆಮೇಲೆ ಆ ಪರದೆ ವಿಷಯ, ಅದಕ್ಕೂ ಮುಂಚೆ...

ಹೆಂಡತಿ: ರೀ. ಎಷ್ಟಾಯ್ತು?

ಟೈಲರ್ ಬೆರಳು ಮಡಚಿ ನೋಡಿದ. ಆಗಲೇ ಮೂರು.

ಹೆಂಡತಿ ಲ್ಯಾಪ್‌ಟಾಪನ್ನು ತನ್ನತ್ತ ತಿರುಗಿಸಿಕೊಂಡು ಟಕಟಕ ಏನೋ ಒತ್ತಿದಳು.

ಹೆಂಡತಿ: ತಗೊಳ್ಳಿ, ಇನ್ನು ಮುಂದೆ ನಿಮ್ಮ ಹೆಸರೇ ಬರುತ್ತೆ. ಇನ್ನೂ ಹತ್ತು ನಿಮಿಷ ಇದೆ. ಗುಂಡಿ ಬಣ್ಣದಿಂದ ಶುರುಮಾಡಿ.