ಎಡಗಡೆಯ ಹಿಂದಿನ ಮಡ್‌ಗಾರ್ಡು

ನಮ್ಮ ಯಜಮಾನರಿಗೆ ಯಾವ ಚಟವೂ ಇಲ್ಲವೆಂದು ನಮ್ಮ ಕಡೆಯವರು ಚೆನ್ನಾಗಿ ವಿಚಾರಿಸಿಯೇ ನನ್ನನ್ನು ಕೊಟ್ಟಿದ್ದರು. ಸಿಗರೇಟಿಲ್ಲ, ಇಸ್ಪೀಟಿಲ್ಲ, ಗುಂಡು ಹಾಕುವ ಸ್ನೇಹಿತರಿಲ್ಲ. ಪಿಯು ಕಾಲೇಜಿನಲ್ಲಿ ಅಕೌಂಟೆನ್ಸಿ ಮೇಷ್ಟ್ರು, ಹಣೆ ತುಂಬ ವಿಭೂತಿ. ಅಷ್ಟು ಸಾಕಾಯಿತು. ಹುಡುಗನಿಗೆ ಕಾರು ಬಿಚ್ಚುವ ಚಟವೇನಾದರೂ ಇದೆಯೇ ಎಂದು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. (ಹೆಣ್ಣು ಹೆತ್ತವರು ದಯವಿಟ್ಟು ಇದನ್ನೂ ಕೇಳಿಕೊಳ್ಳಿ.)

ಜರಗನಹಳ್ಳಿಯ ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿ ಒಂದು ಖಾಲಿ ಸೈಟಿದೆ, ನಮ್ಮ ಓನರ್ ನೀಲಕಂಠಪ್ಪನವರದು. "ಒಂದು ಕಾರು ತಾನೇ ಮೇಷ್ಟ್ರೇ, ನಿಲ್ಲಿಸ್ಕೊಳ್ಳಿ" ಎಂದು ಆ ಪುಣ್ಯಾತ್ಮರು ಒಪ್ಪಿಕೊಂಡರು. ಕಾರೆಂದರೆ ಒಂದೇ ಕಡೆ ನಿಲ್ಲುವ ವಸ್ತು ಎಂದು ಪಾಪ ಅವರು ತಿಳಿದಿದ್ದರು. ತಿಂಗಳೊಪ್ಪತ್ತಿನಲ್ಲಿ ಬಾಗಿಲು ಸಂಪಿನ ಮೇಲೆ, ಬಾನೆಟ್ಟು ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಹಿಂದಿನ ಸೀಟು ನಮ್ಮ ಮನೆಯ ಹಾಲ್‌ನಲ್ಲಿ. ಬಂದವರೆಲ್ಲ ಅದರ ಮೇಲೆಯೇ ಕೂತು ಕಾಫಿ ಕುಡಿದು ಹೋಗುತ್ತಿದ್ದರು.

ರಿಪೇರಿ ಎಂದರೆ ಯಜಮಾನರಿಗೆ ಸಿಟ್ಟು ಬರುತ್ತಿತ್ತು. ಅದು ರಿಪೇರಿಯಲ್ಲ, ಹಳೆಯ ಮಾರುತಿ ಎಂಟುನೂರನ್ನು ರೇಸ್ ಕಾರಾಗಿಸುವ ಮಹಾಯಜ್ಞ. ದೊಡ್ಡ ಕಾರೊಂದರ ಇಂಜಿನ್ನು ತಂದು ಕೂರಿಸಿದ್ದಾಗಿತ್ತು. ದಪ್ಪ ಟೈರು ಬಂದಿತ್ತು. ಟೈರು ಹೊರಗೆ ಚಾಚುತ್ತದೆಂದು ನಾಲ್ಕೂ ಮಡ್‌ಗಾರ್ಡುಗಳ ಮೇಲೆ ತಗಡು ಕೂರಿಸಿ ಅಗಲ ಮಾಡಬೇಕಿತ್ತು. ಆ ತಗಡಿಗೆ ರಟ್ಟಿನ ಅಳತೆ ಕತ್ತರಿಸಿದ್ದು ನನ್ನ ರೇಷ್ಮೆ ಸೀರೆಗಳ ಡಬ್ಬಗಳಿಂದ. ಪುಟ್ಟಿ ಕಲಸಿದ್ದು ನನ್ನ ಚಪಾತಿ ಮಣೆಯ ಮೇಲೆ. ಓಡುವ ಕಾರು ಹಗುರ ಇರಬೇಕಂತೆ, ಅದಕ್ಕೆ ಸೀಟು, ಕಾರ್ಪೆಟ್ಟು, ಗಾಜು ಇಳಿಸುವ ಹಿಡಿ, ಎಲ್ಲ ಕಿತ್ತು ಡ್ರೈವರ್ ಸೀಟೊಂದನ್ನು ಉಳಿಸಿದ್ದರು.

"ರೀ, ಅದರ ತೂಕ ಇಳಿಸೋ ಬದಲು ನಿಮ್ಮ ತೂಕ ಇಳಿಸಿ. ಇನ್ನೂ ಜೋರಾಗಿ ಓಡುತ್ತೆ" ಎಂದೆ.

"ವನಿತಾ, ನೀನು ಬಡಿಸೋದು ಕಮ್ಮಿ ಮಾಡು. ನಾನೂ ಕಮ್ಮಿ ಆಗ್ತೀನಿ" ಎಂದು ಆ ರಾತ್ರಿ ಮೂರನೆಯ ಮುದ್ದೆಗೆ ಕೈ ಚಾಚಿದರು.

ಇಷ್ಟೆಲ್ಲ ನಾನು ಸಹಿಸಿದ್ದೇಕೆಂದರೆ ಅದು ನನ್ನ ಅಪ್ಪನ ಕಾರು. ಅಪ್ಪ ಹೋದ ಮೇಲೆ ಗಿರಿನಗರದ ಮನೆಯಲ್ಲಿ ಟಾರ್ಪಾಲಿನಡಿ ನಿಂತಿತ್ತು. ಇಲಿ ವೈರು ಕಡಿಯಲು ಶುರುಮಾಡಿತ್ತು. "ನಿಂತು ತುಕ್ಕು ಹಿಡಿಯೋದಕ್ಕಿಂತ ಅಳಿಯಂದಿರು ಓಡಿಸ್ಕೊಳ್ಳಲಿ" ಎಂದಳು ಅಮ್ಮ. ನಾನೂ ಒಪ್ಪಿದೆ, ಒಂದೇ ಒಂದು ಷರತ್ತಿನ ಮೇಲೆ. ಎಡಗಡೆಯ ಹಿಂದಿನ ಮಡ್‌ಗಾರ್ಡಿನಲ್ಲಿ ಬೋಗುಣಿಯಷ್ಟು ದೊಡ್ಡದೊಂದು ಡೆಂಟಿದೆ. ಅದನ್ನು ಯಾರೂ ಮುಟ್ಟಕೂಡದು.

ನಗಬೇಡಿ. ನನ್ನ ಅಪ್ಪ ಕರಿಬಸವಯ್ಯನವರು ತೂಕ ಮತ್ತು ಅಳತೆ ಇಲಾಖೆಯಲ್ಲಿದ್ದವರು. ಅಂಗಡಿಯವರ ತಕ್ಕಡಿ ಹೇಗೋ ಹಾಗೆ ಸ್ವಂತ ಮಕ್ಕಳ ಮೇಲಿನ ಪ್ರೀತಿಯನ್ನೂ ಗ್ರಾಮಿನ ಲೆಕ್ಕದಲ್ಲಿ ತೂಗಿ ಕೊಡುತ್ತಿದ್ದರು. ನಾನು ಡಿಗ್ರಿಯಲ್ಲಿ ರ‍್ಯಾಂಕ್ ತಂದಾಗ "ಸರಿ" ಎಂದರು. ಅದು ಅವರ ಬಾಯಿಂದ ಬಂದ ಅತಿ ದೊಡ್ಡ ಹೊಗಳಿಕೆ. ಮದುವೆಯ ದಿನ ಛತ್ರದ ಬಾಗಿಲಲ್ಲಿ ನಾನು ಅತ್ತೂ ಅತ್ತೂ ಕಾಡಿಗೆಯೆಲ್ಲ ಕೆನ್ನೆಗಿಳಿಸಿಕೊಂಡು ನಿಂತಿದ್ದರೆ, ಅಪ್ಪ "ಟ್ರಾಫಿಕ್ ಜಾಸ್ತಿ ಆಗುತ್ತೆ, ಬೇಗ ಹೊರಡಿ" ಎಂದರು. ಅಷ್ಟೇ. ಆ ಮಾತು ನನ್ನೊಳಗೆ ಮುಳ್ಳಿನಂತೆ ಕೂತುಬಿಟ್ಟಿತು.

ಆ ವರ್ಷದ ಗೌರಿ ಹಬ್ಬಕ್ಕೆ ತವರಿಗೆ ಹೋದಾಗ ಕಾರಿನಲ್ಲಿ ಡೆಂಟ್ ಕಂಡೆ. ಒಂದು ಗೀರು ಬಿದ್ದರೆ ಊಟ ಬಿಡುತ್ತಿದ್ದ ಅಪ್ಪನ ಕಾರಿನಲ್ಲಿ! ಅಜ್ಜಿ, ಅಮ್ಮ ಎಲ್ಲರೂ ಹಜಾರದಲ್ಲೇ ಇದ್ದರು.

"ಏನಪ್ಪಾ ಇದು?" ಎಂದೆ.

"ನಾನೇ ಗುದ್ದಿದೆ. ಒಳಗೆ ನಿಲ್ಸೋವಾಗ ಗೇಟಿನ ಕಂಬ ಕಾಣ್ಲಿಲ್ಲ."

"ಯಾವಾಗ?"

"ನಿನ್ನ ಮದುವೆ ಆದ್ಮೇಲೆ" ಎಂದು ಅಪ್ಪ ಪೇಪರ್ ಅಡ್ಡ ಹಿಡಿದರು.

ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವ ಮನುಷ್ಯನಿಗೆ ಅಷ್ಟು ದಪ್ಪ ಕಂಬ ಹೇಗೆ ಕಾಣದೆ ಹೋಗುತ್ತದೆ? ನನಗೆ ಥಟ್ಟನೆ ಹೊಳೆಯಿತು. ನನ್ನನ್ನು ಕಳಿಸಿಬಂದ ದಿನ ಅಪ್ಪನ ಕಣ್ಣು ತುಂಬಿತ್ತು! ಕಂಬ ಮಂಜಾಗಿತ್ತು! ಅವತ್ತಿನಿಂದ ಆ ಡೆಂಟು ನನ್ನ ಪಾಲಿನ ದೇವರು. ನೆಂಟರಿಗೆಲ್ಲ ಹೇಳಿದೆ, ಅಪ್ಪನ ಎದುರಿಗೇ ಹೇಳಿದೆ. ಅವರು ಇಲ್ಲವೆನ್ನಲಿಲ್ಲ. ಆಯುಧಪೂಜೆಯಲ್ಲಿ ಎಲ್ಲರೂ ಬಾನೆಟ್ಟಿಗೆ ಹೂವಿಟ್ಟರೆ ನಾನು ಡೆಂಟಿನೊಳಗೆ ಒಂದು ಸೇವಂತಿಗೆ ಕೂರಿಸುತ್ತಿದ್ದೆ. ಅಪ್ಪ ನನಗಾಗಿ ಅತ್ತರು ಅನ್ನುವುದಕ್ಕೆ ಈ ಭೂಮಿಯ ಮೇಲಿದ್ದ ಸಾಕ್ಷಿ ಅದೊಂದೇ. ಅವರು ಹೋಗಿ, ಕಾರು ನಮ್ಮ ಸೈಟಿಗೆ ಬಂದ ಮೇಲಂತೂ ಬಟ್ಟೆ ಒಣಹಾಕಲು ಹೋದಾಗೆಲ್ಲ ಅದರ ಮೇಲೆ ಒಮ್ಮೆ ಕೈಯಾಡಿಸಿ ಬರುತ್ತಿದ್ದೆ.

ತಗಡಿನ ಕೆಲಸಕ್ಕೆ ಬರುತ್ತಿದ್ದವನು ತಿಲಕ್ ನಗರದ ಟಿಂಕರ್ ಮರೆಪ್ಪ. ಮೂರು ಮಡ್‌ಗಾರ್ಡುಗಳನ್ನು ಅವನು ಬಲು ಚಂದ ಮಾಡಿದ. ನಾಲ್ಕನೆಯದರ ಮುಂದೆ ಸುತ್ತಿಗೆ ಹಿಡಿದು ನಿಂತಾಗ ನಾನು ಸೌಟು ಹಿಡಿದು ಅಡ್ಡ ನಿಂತೆ. ಕಾರಿನ ಮೂರು ಮೂಲೆಯಲ್ಲಿ ಮದುವೆ ಮನೆ, ನಾಲ್ಕನೆಯ ಮೂಲೆಯಲ್ಲಿ ಸೂತಕ.

"ಮೇಡಂ, ಮೊದ್ಲು ಡೆಂಟ್ ಎತ್ಬೇಕು, ಆಮೇಲೆ ಮೇಲೆ ತಗಡು ವೆಲ್ಡಿಂಗ್" ಎಂದು ಮರೆಪ್ಪ ಗೋಗರೆದ. "ಹಿಂಗೇ ಬಿಟ್ರೆ ನೋಡ್ದೋರು ಯಾವನೋ ಇದನ್ನ ಟಿಂಕರಿಂಗ್ ಮಾಡಿದ್ದು ಅಂತ ಬೈತಾರೆ. ಆ ಯಾವನೋ ನಾನೇ ಅಲ್ವಾ?"

"ಅದು ಡೆಂಟ್ ಅಲ್ಲಪ್ಪ. ನಮ್ಮ ತಂದೆಯ ಕಣ್ಣೀರು."

ಮರೆಪ್ಪ ಬಗ್ಗಿ ಮತ್ತೊಮ್ಮೆ ನೋಡಿದ. ಅವನಿಗೆ ಡೆಂಟೇ ಕಂಡಿತು.

ಯಜಮಾನರು ಒಂದು ಸಂಧಾನ ಸೂತ್ರ ತಂದರು. "ಅಷ್ಟು ಭಾಗ ಗ್ರೈಂಡರಲ್ಲಿ ಕತ್ತರಿಸಿ ತೆಗೆಯೋಣ ಕಣೇ. ಫ್ರೇಮ್ ಹಾಕ್ಸಿ ಷೋಕೇಸಲ್ಲಿ ಇಟ್ಕೋ."

"ಅಪ್ಪನ ಗುರುತನ್ನ ಗ್ರೈಂಡರಲ್ಲಿ ಕೊಯ್ತೀರಾ? ನಿಮಗೆ ಮನುಷ್ಯತ್ವ ಇದೆಯಾ?"

"ಭಾನುವಾರ ರೇಸು! ಪೇಂಟ್ ಒಣಗೋಕೆ ಟೈಮ್ ಬೇಡ್ವಾ? ಒಂದು ಚಕ್ರ ಬೆತ್ತಲೆ ಬಿಟ್ಕೊಂಡು ಹೋದ್ರೆ ಒಳಗೇ ಬಿಡಲ್ಲ!"

"ಬಿಡದಿದ್ರೆ ವಾಪಸ್ ಬನ್ನಿ!"

ಮಾತು ಬೆಳೆದು, ಅವರು "ನಿಮ್ಮಪ್ಪನೇ ಇದ್ದಿದ್ರೆ ಎಂದೋ ಎತ್ತಿಸ್ತಿದ್ರು" ಎನ್ನುವುದಕ್ಕೂ, ನಾನು ತವರಿಗೆ ಹೊರಡುತ್ತೇನೆ ಎನ್ನುವುದಕ್ಕೂ, ತವರೇ ಗೇಟು ತೆರೆದು ಒಳಗೆ ಬರುವುದಕ್ಕೂ ಸರಿಹೋಯಿತು. ಅಮ್ಮ ಬಂದಿದ್ದಳು. ಎಂದಿನಂತೆ ಬಸ್ಸಿನಲ್ಲಿ, ಎಂದಿನಂತೆ ಹೆಗಲಿಗೆ ಬಟ್ಟೆಯ ಚೀಲ, ಚೀಲದಲ್ಲಿ ಹುಳಿಪುಡಿ. (ಮೆಟ್ರೋ ಇದೆಯಲ್ಲಮ್ಮ ಎಂದರೆ, ಆ ಓಡುವ ಮೆಟ್ಟಿಲು ಕಂಡರೆ ಎದೆ ನಡುಗುತ್ತದೆ ಎನ್ನುತ್ತಾಳೆ.)

ಅಮ್ಮ ಹಾಲ್‌ನಲ್ಲಿದ್ದ ಕಾರ್ ಸೀಟಿನ ಮೇಲೆ ಕೂತು ಇಬ್ಬರ ಅಹವಾಲನ್ನೂ ಕೇಳಿದಳು. ಅಳಿಯನ ಮುಖ ನೋಡಿದಳು, ನನ್ನ ಮುಖ ನೋಡಿದಳು. ನೀರು ಕುಡಿದು ಲೋಟ ಕೆಳಗಿಟ್ಟಳು.

"ವನಿತಾ, ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಆ ಡೆಂಟು ನಿಮ್ಮಪ್ಪ ಮಾಡಿದ್ದಲ್ಲ. ನಾನು ಮಾಡಿದ್ದು."

"ನೀನಾ? ನಿಂಗೆ ಕಾರ್ ಎಲ್ಲಿ ಬರುತ್ತೆ?"

"ಬರಲ್ಲ. ಅದಕ್ಕೇ ಗುದ್ದಿದ್ದು. ಪಕ್ಕದ್ಮನೆ ಪ್ರಕೃತಿ ಹತ್ರ ಕಲೀತಿದ್ದೆ, ನಿಮ್ಮಪ್ಪ ಸಂಜೆ ವಾಕಿಂಗ್ ಹೋದಾಗ. ರಿವರ್ಸಲ್ಲಿ ಕಂಬಕ್ಕೆ ಹೋಗಿ ಕೂತೆ. ಗೊತ್ತಾದ್ರೆ ನಿಮ್ಮಜ್ಜಿ ನನ್ನ ಸುಮ್ನೆ ಬಿಡ್ತಿದ್ರಾ? ಅದಕ್ಕೆ ನಿಮ್ಮಪ್ಪನೇ 'ನಾನು ಗುದ್ದಿದೆ' ಅಂತ ತಲೆ ಮೇಲೆ ಹಾಕ್ಕೊಂಡ್ರು."

ಯಜಮಾನರ ಮುಖದಲ್ಲಿ ಉಷೋದಯವಾಯಿತು. ನನಗೆ ಕೂತಲ್ಲೇ ನೆಲ ಕುಸಿಯಿತು.

"ಹಾಗಾದ್ರೆ... ನನ್ನ ಕಳಿಸಿದ ದಿನ ಅಪ್ಪ ಅಳ್ಲಿಲ್ವಾ?"

ಅಮ್ಮನಿಗೆ ಸುಳ್ಳು ಹೇಳಬೇಕೆಂದು ಎಷ್ಟು ಅನ್ನಿಸಿತೋ ಏನೋ. ಆದರೆ ತಕ್ಕಡಿಯಂಥ ಅಪ್ಪನ ಜೊತೆ ಅಷ್ಟು ವರ್ಷ ಬಾಳಿದವಳು. "ಇಲ್ಲ ಕಣೆ. ಛತ್ರದಿಂದ ಬಂದು ಮಿಕ್ಕಿದ್ದ ಚಿರೋಟಿ ತಿಂದು ಮಲಗಿದ್ರು. ಗೊರಕೆ ಬೇರೆ."

ಚಿರೋಟಿ! ಇಷ್ಟು ವರ್ಷ ನಾನು ಸೇವಂತಿಗೆ ಇಟ್ಟಿದ್ದು ಚಿರೋಟಿಗೆ! ನಾಚಿಕೆ, ಸಿಟ್ಟು, ಅಪ್ಪ ಎರಡನೆಯ ಸಲ ಸತ್ತಂಥ ಸಂಕಟ ಎಲ್ಲ ಒಟ್ಟಿಗೆ ನುಗ್ಗಿತು. ಚಪ್ಪಲಿಯನ್ನೂ ಹಾಕದೆ ಸೈಟಿಗೆ ಹೋದೆ.

"ಮರೆಪ್ಪಾ, ಹೊಡಿ!"

"ಏನು ಮೇಡಂ?"

"ಆ ಡೆಂಟನ್ನ ಹೊಡಿ! ಇವತ್ತೇ, ಈಗ್ಲೇ! ಒಂದು ಚೂರೂ ಉಳೀಬಾರ್ದು!"

ನಾನೆಲ್ಲಿ ಮನಸ್ಸು ಬದಲಿಸುತ್ತೇನೋ ಎಂಬ ಹೆದರಿಕೆಯಿಂದ ಮರೆಪ್ಪ ಕೈಯಲ್ಲಿದ್ದ ಟೀ ಚೆಲ್ಲಿ ಸುತ್ತಿಗೆ ಎತ್ತಿಕೊಂಡ. ಒಳಗಿನಿಂದ ಟಣ್, ಟಣ್ ಎಂದು ಬಡಿದ. ನಾನು ಕಿವಿ ಮುಚ್ಚಿಕೊಂಡು ಅಡುಗೆಮನೆ ಸೇರಿದೆ. ಯಜಮಾನರು, ನಾನು ಎಷ್ಟೋ ಕಾಲದಿಂದ ಕೇಳದಷ್ಟು ಮಧುರವಾದ ದನಿಯಲ್ಲಿ, ಅತ್ತೆಗೆ ಬಿಸ್ಕತ್ತು ಬೇಕೇ ಎಂದು ವಿಚಾರಿಸುತ್ತಿದ್ದರು.

ಅಮ್ಮ ಹಿಂದೆಯೇ ಬಂದು ನನ್ನ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸಲು ಶುರುಮಾಡಿದಳು. ನನ್ನ ಸಿಟ್ಟೆಲ್ಲ ಈಗ ಅವಳ ಮೇಲೆ ತಿರುಗಿತು.

"ಆ ವಯಸ್ಸಲ್ಲಿ ನಿಂಗ್ಯಾಕಮ್ಮ ಬೇಕಿತ್ತು ಡ್ರೈವಿಂಗು? ಯಾವ ಊರಾಳೋಕೆ ಹೋಗ್ಬೇಕಿತ್ತು?"

ಅಮ್ಮ ತಲೆಯೆತ್ತಲಿಲ್ಲ. "ಯಾವ ಊರಿಗೂ ಅಲ್ಲ. ನಿಮ್ಮನೆಗೆ ಬರೋಕೆ ಕಣೆ."

ಹೊರಗೆ ಟಣ್ ಟಣ್ ನಡೆದೇ ಇತ್ತು.

"ನೀನು ಹೋದ್ಮೇಲೆ ಮನೇಲಿ ಇರಕ್ಕೇ ಆಗ್ತಿರ್ಲಿಲ್ಲ. ಊಟಕ್ಕೆ ನಿನ್ನ ತಟ್ಟೇನೂ ಇಟ್ಬಿಡೋಳು, ಅಜ್ಜಿ ನೋಡೋ ಮೊದ್ಲು ತೆಗೆದಿಡೋಳು. ದಿನಾ ಕರ್ಕೊಂಡು ಹೋಗಿ ಅಂತ ನಿಮ್ಮಪ್ಪನ್ನ ಹೇಗೆ ಕೇಳ್ಲಿ? ನಾನೇ ಕಲ್ತುಬಿಟ್ರೆ ಮಧ್ಯಾಹ್ನ ಬಂದು ನೋಡ್ಕೊಂಡು ಸಂಜೆಗೆ ವಾಪಸ್ ಹೋಗ್ಬಹುದು ಅಂದ್ಕೊಂಡೆ. ಕಂಬಕ್ಕೆ ಗುದ್ದಿದಾಗ ಸರಿಯಾಗಿ ನಿಮ್ಮಪ್ಪ ಬಂದ್ರು. ನಾನು ನಡುಗ್ತಾ ನಿಂತಿದ್ದೆ. ಅವರು ಮೊದ್ಲು ನನ್ನ ಕೈ ನೋಡಿದ್ರು, ಪೆಟ್ಟಾಗಿದ್ಯಾ ಅಂತ. ಆಮೇಲೆ ಕಾರ್ ನೋಡಿದ್ರು. ಒಂದು ಮಾತೂ ಬೈಲಿಲ್ಲ. ಆದ್ರೆ ನಂಗೇ ಧೈರ್ಯ ಹೋಯ್ತು. ಬಿಟ್ಬಿಟ್ಟೆ. ಬಸ್ಸಿದೆಯಲ್ಲ."

"ಇದನ್ನ ಯಾಕಮ್ಮ ಇಷ್ಟು ದಿನ ಹೇಳ್ಲಿಲ್ಲ?" ಎಂದೆ.

"ಅಪ್ಪ ಅತ್ರು ಅಂತ ನೀನು ಅಷ್ಟು ಖುಷಿಯಾಗಿ ಹೇಳ್ಕೊಂಡು ತಿರುಗ್ತಿದ್ದೆ. ನಾನ್ಯಾಕೆ ಕಲ್ಲು ಹಾಕ್ಲಿ? ಅವರೂ ಅಂದ್ರು, ಅವಳಿಗೆ ಹಾಗನ್ನಿಸಿದ್ರೆ ಇರ್ಲಿ ಬಿಡು, ಡೆಂಟ್ ತೆಗೆಸೋದು ಬೇಡ ಅಂತ."

ನಾನು ಎದ್ದು ಓಡಿದೆ. ಅವರೆಕಾಳೆಲ್ಲ ನೆಲಕ್ಕೆ ಚೆಲ್ಲಿತು. ಸೈಟಿನಲ್ಲಿ ಮರೆಪ್ಪ ಸುತ್ತಿಗೆ ಕೆಳಗಿಟ್ಟು ಅಂಗೈಯಿಂದ ಮಡ್‌ಗಾರ್ಡು ಸವರುತ್ತಿದ್ದ. ಪಕ್ಕದಲ್ಲಿ ಯಜಮಾನರು ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತ ಅಪ್ಪನಂತೆ ಹಲ್ಲು ಕಿರಿಯುತ್ತಿದ್ದರು.

"ನೋಡಿ ಮೇಡಂ, ಇಲ್ಲೊಂದು ಡೆಂಟ್ ಇತ್ತು ಅಂದ್ರೆ ಯಾರಾದ್ರೂ ನಂಬ್ತಾರಾ?"

ಯಾರೂ ನಂಬುವ ಹಾಗಿರಲಿಲ್ಲ. ನಾನೂ ಕೈಯಾಡಿಸಿದೆ. ಎಲ್ಲೂ ತಡೆಯಲಿಲ್ಲ. ಇಷ್ಟು ವರ್ಷ ಅದನ್ನು ಊರವರಿಂದೆಲ್ಲ ಕಾಪಾಡಿದ್ದೆ. ಅದು ಯಾರು ನನಗಾಗಿ ಪಟ್ಟ ಸಂಕಟವೆಂದು ಗೊತ್ತಾಗುವ ಹೊತ್ತಿಗೆ ನಾನೇ ನಿಂತು ಹೊಡೆಸಿ ಮುಗಿಸಿದ್ದೆ. ಅಪ್ಪ ಅತ್ತರೇ ಅತ್ತರೇ ಎಂದು ತಗಡನ್ನು ಸವರುತ್ತ ಕೂತವಳು, ವಾರವಾರ ಹುಳಿಪುಡಿ ಹೊತ್ತುಕೊಂಡು ಬಂದವಳನ್ನು ಒಂದು ದಿನವೂ ನೆಟ್ಟಗೆ ನೋಡಿರಲಿಲ್ಲ.

ಸಂಜೆ ಅಮ್ಮ ಹೊರಟಳು. ಅಳಿಯನಿಗೆ ಅತ್ತೆಯ ಮೇಲೆ ಉಕ್ಕಿದ ಭಕ್ತಿ ಇನ್ನೂ ಇಳಿದಿರಲಿಲ್ಲ. "ಅತ್ತೆ, ನಾನೇ ಡ್ರಾಪ್ ಮಾಡ್ತೀನಿ" ಎಂದು ಕಾರಿನ ಕಡೆ ಎರಡು ಹೆಜ್ಜೆ ಹಾಕಿ, ಅದರಲ್ಲಿ ಇರುವುದು ಒಂದೇ ಸೀಟೆಂದು ನೆನಪಾಗಿ ನಿಂತರು. ಆಟೋ ಕರೆಯಲು ಹೋದರೆ ಅಮ್ಮ ಒಪ್ಪಲಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆ ಇರುವಾಗ ಆಟೋದವನಿಗೆ ಯಾಕೆ ಕೊಡಬೇಕೆಂಬುದು ಅವಳ ವಾದ.

ನಾನು ಕನಕಪುರ ರಸ್ತೆಯ ಸ್ಟಾಪಿನವರೆಗೆ ಬಿಟ್ಟುಬರಲು ಹೋದೆ. ಬಸ್ಸು ಬಂತು. ಅಮ್ಮ ಹತ್ತಿದಳು. ಯಾಕೋ ಗೊತ್ತಿಲ್ಲ, ಮನೆಯ ನೈಟಿ, ಮೇಲೊಂದು ದುಪಟ್ಟ, ಸ್ನಾನದಮನೆಯ ಚಪ್ಪಲಿ, ಹಾಗೇ ನಾನೂ ಹತ್ತಿಬಿಟ್ಟೆ.

"ಅಯ್ಯೋ, ನೀನೆಲ್ಲಿಗೆ? ಅವರಿಗೆ ಅಡುಗೆ?"

"ಅವರಿಗೆ ಕಾರಿದೆ, ಬಿಡು."

ಗಿರಿನಗರಕ್ಕೆ ನಾನು ಯಾವತ್ತೂ ಬಸ್ಸಿನಲ್ಲಿ ಹೋದವಳಲ್ಲ. ಬೈಕು, ಇಲ್ಲವೇ ಆಟೋ. ಆ ಬಸ್ಸಿನಲ್ಲಿ ಉಸಿರಾಡಲೂ ಜಾಗವಿರಲಿಲ್ಲ. ಇಬ್ಬರೂ ನಿಂತಿದ್ದೆವು. ಬನಶಂಕರಿಯಲ್ಲಿ ಇಳಿದು ಇಂಥದೇ ಇನ್ನೊಂದನ್ನು ಹತ್ತಬೇಕಂತೆ. ಯಾರದೋ ಬ್ಯಾಗು ನನ್ನ ಬೆನ್ನಿಗೆ, ಯಾರದೋ ಮೊಣಕೈ ಪಕ್ಕೆಗೆ. ಅಮ್ಮ ಮಾತ್ರ ತನ್ನ ಮನೆಯ ಅಡುಗೆಮನೆಯಲ್ಲಿ ನಿಂತಷ್ಟು ಆರಾಮವಾಗಿ ನಿಂತಿದ್ದಳು.

"ಸಾರಕ್ಕಿ ಸಿಗ್ನಲ್ ಬಂತು. ಗಟ್ಟಿ ಹಿಡ್ಕೋ" ಎಂದಳು. "ಇಲ್ಲಿ ಜೋರಾಗಿ ಬ್ರೇಕ್ ಹಾಕ್ತಾನೆ. ಯಾವಾಗ್ಲೂ."

ನಾನು ಅವಳ ಮುಖ ನೋಡುತ್ತಿದ್ದೆ, ಹಿಡಿದುಕೊಳ್ಳಲಿಲ್ಲ. ಡ್ರೈವರ್ ಬ್ರೇಕ್ ಹಾಕಿದ. ನನ್ನ ಹಣೆ ಕಂಬಿಗೆ ಢಣ್ಣನೆ ಬಡಿಯಿತು. ಅಷ್ಟು ಹೊತ್ತಿನಿಂದ ತಡೆದುಕೊಂಡಿದ್ದೆಲ್ಲ ಒಡೆದು, ತುಂಬಿದ ಬಸ್ಸಿನಲ್ಲಿ ನಾನು ಚಿಕ್ಕ ಮಗುವಿನಂತೆ ಗಟ್ಟಿಯಾಗಿ ಅಳತೊಡಗಿದೆ. ಕಂಡಕ್ಟರ್ ಸೀಟಿ ಊದುವುದನ್ನು ಮರೆತ. ಯಾರೋ ಎದ್ದು ಸೀಟು ಬಿಟ್ಟರು, ಇನ್ಯಾರೋ ನೀರಿನ ಬಾಟಲಿ ಕೊಟ್ಟರು.

ಅಮ್ಮ ಸೆರಗಿನ ಚುಂಗನ್ನು ಬಾಯಿಂದ ಊದಿ ಬೆಚ್ಚಗೆ ಮಾಡಿ ಹಣೆಗೆ ಒತ್ತಿದಳು.

"ಅಷ್ಟೊಂದು ನೋವಾಯ್ತೇನೇ?"

"ಹೂಂ ಅಮ್ಮ" ಎಂದೆ.