ತಿರುಪಿನ ಮೇಲಿನ ಕೆಂಪು

"ಮೂವತ್ತು ವರ್ಷ ಅಕ್ಷರ ಓದಿದವನಿಗೆ ಪ್ಲಗ್ ಓದೋದು ಯಾವ ಮಹಾ ವಿದ್ಯೆ? ಸಂಜೆಯೊಳಗೆ ನಿಮ್ಮಪ್ಪನ ಗಾಡಿ ಹಾಡುತ್ತೆ, ನೋಡ್ತಿರು."

ಸ್ಕ್ರೂಡ್ರೈವರನ್ನು ಖಡ್ಗದಂತೆ ಹಿರಿದು ಹೀಗೆ ಘೋಷಿಸಿದವರು ಕಾಗುಣಿತಪ್ಪನವರು. ಅಚ್ಚುಕೂಟದಲ್ಲಿ ಕರಡು ತಿದ್ದುವವರು. ಅಲ್ಲಿಯವರು ಇಟ್ಟ ಈ ಅಡ್ಡಹೆಸರನ್ನು ಬಿರುದೆಂದೇ ನಂಬಿದವರು.

"ಹಾಡೋದೇನೂ ಬೇಡ. ಮೊದಲಿನ ಹಾಗಿದ್ರೆ ಸಾಕು," ಎಂದಳು ಹೆಂಡತಿ.

ಮಾತು ಕಿವಿಗೆ ಬಿತ್ತು, ತಲೆಗೆ ಇಳಿಯಲಿಲ್ಲ.

ಗಾಡಿ ಮಾವನ ಮೋಟರ್‌ಬೈಕು. ಅವರು ತೀರಿಕೊಂಡ ಮೇಲೆ ಮೆಟ್ಟಿಲಿನ ಕೆಳಗೆ ಗೋಣಿತಾಟು ಹೊದ್ದು ಮಲಗಿತ್ತು. ಹಳೆಯ ಗಾಡಿಗಳ ಹುಚ್ಚಿರುವ ಗಿರಾಕಿಯೊಬ್ಬನನ್ನು ಹೆಂಡತಿಯ ಅಣ್ಣ ಗೊತ್ತುಮಾಡಿದ್ದ. ಮರುದಿನ, ಭಾನುವಾರ ಬೆಳಿಗ್ಗೆ, ಅಣ್ಣನೇ ವ್ಯಾನ್ ತಂದು ಒಯ್ಯುವವನಿದ್ದ. ಅವಳು ತಕರಾರು ಮಾಡಲಿಲ್ಲ. ಅದೇ ಕಾಗುಣಿತಪ್ಪನವರಿಗೆ ದಿಗಿಲು. ಅಪ್ಪ ಹೋದಾಗಿನಿಂದ ಅವಳು ಜಗಳವನ್ನೇ ಬಿಟ್ಟಿದ್ದಳು. ಕೆಣಕಿದರೂ ಇಲ್ಲ, ರೇಗಿಸಿದರೂ ಇಲ್ಲ. ಗಂಡನೊಬ್ಬನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಅವಳು ಕೇಳಿದ್ದು ಇಷ್ಟೇ: ಗಾಡಿ ಹೋಗುವ ಮೊದಲು ಒಂದೇ ಒಂದು ಸಲ ಅದರ ಸದ್ದು ಕೇಳಬೇಕು.

ಪ್ಲಗ್ಗಿನ ಮುಖಲಕ್ಷಣ ಶಾಸ್ತ್ರವನ್ನು ಬೀದಿ ತಿರುವಿನ ಮೆಕ್ಯಾನಿಕ್ ಹೇಳಿಕೊಟ್ಟಿದ್ದ. ತುದಿ ಕಪ್ಪಗಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಮ್ಮಿ. ಬೆಳ್ಳಗೆ ಬಿಳಿಚಿಕೊಂಡಿದ್ದರೆ ಅದರ ತಿರುಗುಮುರುಗು. ಬಿಸ್ಕತ್ತಿನ ಬಣ್ಣವಿದ್ದರೆ ಆರೋಗ್ಯ. ಬಿಚ್ಚಿ ನೋಡಿದರೆ ಮಾವನ ಪ್ಲಗ್ ಕಪ್ಪೋ ಕಪ್ಪು. ಅಳಿಯ ಮನೆಗೆ ಬಂದಾಗಲೆಲ್ಲ ಮಾವನ ಮುಖ ಇದೇ ಬಣ್ಣಕ್ಕೆ ತಿರುಗುತ್ತಿತ್ತು.

ಕಾರ್ಬುರೇಟರ್ ಅಡುಗೆಮನೆಗೆ ಬಂತು. ಹಲ್ಲುಜ್ಜುವ ಬ್ರಷ್ಷು, ಹೆಂಡತಿಯ ಹೇರ್‌ಪಿನ್ನು, ಹಾಲಿನ ಪಾತ್ರೆ, ಎಲ್ಲವೂ ಅದರ ಸ್ನಾನಕ್ಕೆ ಸೇವೆ ಸಲ್ಲಿಸಿದವು. ಮಧ್ಯಾಹ್ನದ ಚಹಾದಲ್ಲಿ ಪೆಟ್ರೋಲ್ ಘಮಘಮಿಸಿತು. ಮೊದಲಾಗಿದ್ದರೆ ಆ ಪಾತ್ರೆ ಅಡುಗೆಮನೆಯಿಂದ ರೆಕ್ಕೆ ಬಿಚ್ಚಿ ಹಾರಿಬರುತ್ತಿತ್ತು. ಈಗ ಅವಳು ಲೋಟ ಎತ್ತಿ ಸುಮ್ಮನೆ ಕುಡಿದಳು. ಅದನ್ನು ನೋಡಿ ಅವರು ತಮ್ಮ ಲೋಟವನ್ನು ಹಾಗೇ ಕೆಳಗಿಟ್ಟರು.

ಮತ್ತೆ ಜೋಡಿಸುವಾಗ, ಗಾಳಿಯ ಅಳತೆ ಹಿಡಿಯುವ ಪುಟ್ಟ ತಿರುಪಿನ ತಲೆಯಿಂದ ಪಕ್ಕದ ಲೋಹದವರೆಗೆ ಎಳೆದ ಒಂದು ಕೆಂಪು ಗೆರೆ ಕಂಡಿತು. ಮೂವತ್ತು ವರ್ಷದ ಅಭ್ಯಾಸ ಥಟ್ಟನೆ ಎದ್ದು ಕೂತಿತು. ಅಚ್ಚುಕೂಟದಲ್ಲಿ ಕೆಂಪು ಎಂದರೆ ತಪ್ಪು. ಮಾವನೇ ತನ್ನ ತಪ್ಪಿಗೆ ಗುರುತು ಹಾಕಿ, ತಿದ್ದಲು ಪುರುಸೊತ್ತಿಲ್ಲದೆ ಹೋಗಿದ್ದಾರೆ! ಬ್ಲೇಡಿನಿಂದ ಕೆಂಪನ್ನು ಚೊಕ್ಕಟವಾಗಿ ಕೆರೆದರು. ತಿರುಪನ್ನು ತಿರುಗಿಸಿದರು.

ಸಂಜೆ ಗಾಡಿ ಚಾಲೂ ಆಯಿತು. ಹೊಲಿಗೆ ಯಂತ್ರದಂತೆ ಒಂದೇ ಸಮನೆ, ಮುಕ್ಕಿಲ್ಲದ ಸದ್ದು. ಬೀದಿಯಲ್ಲಿ ಒಂದು ಸುತ್ತು ಹೊಡೆದು ಬಂದು ಪ್ಲಗ್ ಬಿಚ್ಚಿದರೆ ಅಪ್ಪಟ ಬಿಸ್ಕತ್ತು. ಮತ್ತೆ ಚಾಲೂ ಮಾಡಿ ಹೆಂಡತಿಯನ್ನು ಕರೆದರು. ಅವಳು ಕೈ ಒರೆಸಿಕೊಳ್ಳುತ್ತ ಬಂದು, ಗೋಡೆಗೆ ಒರಗಿ ಕಣ್ಣುಮುಚ್ಚಿದಳು. ಕಾದಳು. ಕಾಯುತ್ತಲೇ ಇದ್ದಳು.

"ಎಲ್ಲಿ?"

"ಏನು ಎಲ್ಲಿ?"

"ತೇಗು."

ಅಪ್ಪನ ಗಾಡಿ ಡುಗುಡುಗು ಎನ್ನುತ್ತಾ ನಡುನಡುವೆ ಹೊಟ್ಟೆ ತುಂಬಿದವರಂತೆ ತೇಗುತ್ತಿತ್ತಂತೆ. ಬೀದಿ ತಿರುವಿನಲ್ಲಿ ಆ ತೇಗು ಕೇಳಿದರೆ ಅಪ್ಪ ಬಂದರೆಂದು ಲೆಕ್ಕ. ಅವಳು ಬಗ್ಗಿ ಎಂಜಿನ್ನಿನ ಪಕ್ಕ ನೋಡಿದಳು.

"ಇಲ್ಲೊಂದು ಕೆಂಪು ಇತ್ತಲ್ಲಾ?"

"ಇತ್ತು. ತಪ್ಪಿನ ಗುರುತು. ತಿದ್ದಿದೆ."

"ಅದು ನನ್ನ ಉಗುರುಬಣ್ಣ ರೀ."

ಅವಳು ಶಾಲೆಗೆ ಹೋಗುತ್ತಿದ್ದಾಗ ಅಪ್ಪ ತಿರುಪು ತಿರುಗಿಸುತ್ತಾ, ಎಲ್ಲಿ ನಿಲ್ಲಿಸಲಿ ಎಂದು ಅವಳನ್ನೇ ಕೇಳಿದ್ದರಂತೆ. ತೇಗು ಬಂದಲ್ಲಿ ನಗು ತಡೆಯದೆ, ಸಾಕು ಎಂದಿದ್ದಳಂತೆ. ಯಾರೂ ಕದಲಿಸಬಾರದೆಂದು ಅವಳೇ ಬಣ್ಣ ಹಚ್ಚಿದ್ದು. ಮೆಕ್ಯಾನಿಕ್ಕುಗಳು ಎಷ್ಟು ಬೈದರೂ ಅಪ್ಪ ಸಾಯುವವರೆಗೆ ಅದನ್ನು ಮುಟ್ಟಗೊಡಲಿಲ್ಲ. ಇಷ್ಟು ಹೇಳಿ, ಒಂದು ಬೈಗುಳವನ್ನೂ ಸೇರಿಸದೆ, ಅವಳು ಒಳಗೆ ಹೋದಳು.

ಕಾಗುಣಿತಪ್ಪನವರು ಮತ್ತೆ ತಿರುಪು ಹಿಡಿದರು. ಸರಿಮಾಡಲು ಒಂದು ದಿನ ಹಿಡಿದಿತ್ತು. ಕೆಡಿಸಲು ಹೋದರೆ ಗಾಡಿ ಕೆಮ್ಮಿತು, ಸೀನಿತು, ಬಿಕ್ಕಳಿಸಿತು, ತೇಗಲೊಲ್ಲದು. ತಪ್ಪಾಗಿ ತಿದ್ದಿದ್ದನ್ನು ಮೊದಲಿದ್ದಂತೆ ಉಳಿಸಲು ಅಚ್ಚುಕೂಟದಲ್ಲಿ ಅಕ್ಷರದ ಕೆಳಗೆ ಚುಕ್ಕಿ ಸಾಲು ಇಟ್ಟರೆ ಆಯಿತು; ತಿರುಪಿಗೆ ಅಂಥ ಚುಕ್ಕಿಯಿಲ್ಲ. ಕತ್ತಲಾಗುವವರೆಗೆ ತಿರುಪು ತಿರುಗಿಸಿದವರು ತಿರುಪೆಯವರಂತೆ ಬಾಗಿಲಲ್ಲಿ ಕೂತರು.

ಭಾನುವಾರ ಬೆಳಿಗ್ಗೆಯೂ ಕೆಮ್ಮು, ಸೀನು ನಡೆದೇ ಇತ್ತು. ಹೆಂಡತಿ ಬಂದು ಮೆಟ್ಟಿಲ ಮೇಲೆ ಕೂತಳು.

"ನೀವು ತಿರುಗಿಸಿ. ನಾನು ಹೇಳ್ತೀನಿ."

ಕಣ್ಣು ಮುಚ್ಚಿದಳು. "ಇನ್ನೂ... ಇನ್ನೂ ಚೂರು... ಅಯ್ಯೋ, ಹಿಂದಕ್ಕೆ... ಸಾಕು."

ಡುಗುಡುಗು ಡುಗುಡುಗು ಡುಗು... ಗ್ರಕ್ಕ್.

ಗೇಟಿನ ಹತ್ತಿರ ಏನೋ ಸದ್ದಾಯಿತು. ಸಾಮಾನಿನ ವ್ಯಾನ್ ನಿಲ್ಲಿಸಿ ಬರುತ್ತಿದ್ದ ಅಣ್ಣ, ತಲೆ ನರೆತ ಅಣ್ಣ, ಬಾಯಲ್ಲಿದ್ದ ಸಿಗರೇಟನ್ನು ಸರಕ್ಕನೆ ಕೆಳಗೆಸೆದು ಚಪ್ಪಲಿಯಿಂದ ಹೊಸಕುತ್ತಿದ್ದ. ಹೊಸಕಿದ ಮೇಲೆ ಅಪ್ಪ ಇಲ್ಲವೆಂದು ನೆನಪಾಯಿತು. ತಲೆ ತಗ್ಗಿಸಿ ಅಲ್ಲೇ ನಿಂತ. ಗಾಡಿ ಇನ್ನೆರಡು ಸಲ ತೇಗಿ ತಾನಾಗಿ ನಿಂತಿತು.

"ಬೇಡ ಅಂದ್ರೆ ಬಿಟ್ಬಿಡೋಣ ಕಣೆ," ಎಂದ ಅಣ್ಣ.

"ತಗೊಂಡ್ಹೋಗಣ್ಣ. ಕೇಳಿದ್ದಾಯ್ತು."

ಒಳಗಿನಿಂದ ಉಗುರುಬಣ್ಣದ ಶೀಸೆ ತಂದು ತಿರುಪಿಗೆ ಗೆರೆ ಎಳೆದಳು. ಕೊಂಡವನು ಮೊದಲು ಕೆರೆಯುವುದು ಅದನ್ನೇ ಎಂದು ಮೂವರಿಗೂ ಗೊತ್ತಿತ್ತು.

ವ್ಯಾನ್ ತಿರುವು ದಾಟಿತು. ಅವಳು ಗಂಡನ ಕೈ ಎಳೆದುಕೊಂಡು, ಹೆಬ್ಬೆರಳಿನ ಉಗುರಿಗೂ ದಪ್ಪಗೆ ಕೆಂಪು ಬಳಿದಳು.

"ಇದ್ಯಾಕೆ? ಕದಲಿಸಬಾರದು ಅಂತಲೋ?"

"ನಿಮ್ಮ ಅಚ್ಚುಕೂಟದಲ್ಲಿ ಕೆಂಪು ಅಂದ್ರೆ ಏನಂದ್ರಿ?"

"ತಪ್ಪು."

"ಹಾಗಾದ್ರೆ ಸರಿಯಾದ ಜಾಗಕ್ಕೇ ಹಚ್ಚಿದೀನಿ. ಇನ್ನು ಆ ಹಾಲಿನ ಪಾತ್ರೆ ವಿಷಯಕ್ಕೆ ಬರೋಣ."