ದೊಡ್ಡಮ್ಮನ ಕತ್ತಲೆ ತಾಲೀಮು

ಮೂವತ್ತು ವರ್ಷ ಜನರಿಗೆ ಅರಿವಳಿಕೆ ಕೊಟ್ಟು ಮಲಗಿಸುವುದೇ ಉದ್ಯೋಗವಾಗಿದ್ದ ನನ್ನ ದೊಡ್ಡಮ್ಮ, ನಿವೃತ್ತರಾದ ಮೇಲೆ ಒಬ್ಬರನ್ನೂ ನೆಮ್ಮದಿಯಾಗಿ ಕೂರಲು ಬಿಟ್ಟಿಲ್ಲ! ಅದರಲ್ಲೂ ನವೆಂಬರ್ ಬಂತೆಂದರೆ ಮ್ಯಾನ್‌ಹೈಮ್‌ನ ಅವರ ಮನೆಗೆ ಹೋಗಲು ಎದೆಗಾರಿಕೆ ಬೇಕು.

ಕಾರಣ ಇಲ್ಲದಿಲ್ಲ. ದೊಡ್ಡಪ್ಪನ ಶ್ವಾಸಕೋಶ ಕೈಕೊಟ್ಟು ಮೂರು ವರ್ಷವಾಯಿತು. ಇಡೀ ದಿನ ಆಕ್ಸಿಜನ್ ಯಂತ್ರದ ಕೊಳವೆ ಮೂಗಿಗಿರಬೇಕು. ಯಂತ್ರಕ್ಕೆ ಕರೆಂಟು ಬೇಕು. ಬಿರುಗಾಳಿಗೆ ಕರೆಂಟು ಹೋದರೆ?

"ಜರ್ಮನಿಯಲ್ಲಿ ಕರೆಂಟ್ ಎಲ್ಲಿ ಹೋಗತ್ತೆ ದೊಡ್ಡಮ್ಮ?" ಎಂದು ಒಮ್ಮೆ ಕೇಳಿದೆ.

"ಟ್ರೈನೂ ಟೈಮಿಗೆ ಬರತ್ತೆ ಅಂತಿದ್ರು," ಎಂದರು. ಆ ದಿನ ನಾನು ಫ್ರಾಂಕ್‌ಫರ್ಟಿನಿಂದ ಬಂದಿಳಿದದ್ದೇ ಒಂದೂವರೆ ಗಂಟೆ ತಡವಾಗಿ.

ಹಾಗಾಗಿ ತಾಲೀಮು. ನವೆಂಬರಿನ ಯಾವುದೋ ಒಂದು ಭಾನುವಾರ, ಯಾರಿಗೂ ಹೇಳದೆ, ದೊಡ್ಡಮ್ಮ ಹೋಗಿ ಮೇನ್ ಫ್ಯೂಸ್ ಇಳಿಸುತ್ತಾರೆ. ಯಂತ್ರ ಕುಯ್ಯೋ ಎನ್ನುತ್ತದೆ. ಅವರು ಆಕ್ಸಿಜನ್ ಸಿಲಿಂಡರಿನ ತಿರುಪು ತೆರೆದು ಕೊಳವೆಯನ್ನು ಅದಕ್ಕೆ ಬದಲಿಸಬೇಕು, ನಾನು ಟಾರ್ಚ್ ಹಿಡಿಯಬೇಕು. "ನನ್ನ ಪಾರ್ಟ್ ಸುಲಭ ಕಣೋ, ಬದುಕಿರಬೇಕು ಅಷ್ಟೆ," ಎನ್ನುತ್ತಾರೆ ದೊಡ್ಡಪ್ಪ. ಹೋದ ವರ್ಷ ನಾನು ತಲೆಗೆ ಶಾಂಪೂ ಹಚ್ಚಿಕೊಂಡಿದ್ದಾಗಲೇ ಫ್ಯೂಸ್ ಇಳಿಯಿತು. ನೀರು ಮಂಜಿನಂತೆ ತಣ್ಣಗಾಯಿತು. ಟವೆಲ್ ಸುತ್ತಿಕೊಂಡು, ನೊರೆ ಸುರಿಸುತ್ತ ಓಡಿಬಂದೆ.

"ನಲವತ್ತೆರಡು ಸೆಕೆಂಡ್!" ಎಂದು ದೊಡ್ಡಮ್ಮ ಗಡಿಯಾರ ತೋರಿಸಿದರು.

"ಸ್ನಾನ ಮಾಡ್ತಿದ್ದೆ ದೊಡ್ಡಮ್ಮ!"

"ನಿನ್ನ ಸ್ನಾನ ಆಗೋವರೆಗೂ ಬಿರುಗಾಳಿ ಕಾಯತ್ತಾ?"

ಉಗ್ರಾಣದ್ದು ಇನ್ನೊಂದು ಕಥೆ. ಹತ್ತು ದಿನದ ನೀರು, ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ. ಪ್ರತಿ ಡಬ್ಬದ ಮೇಲೂ ಜರ್ಮನ್‌ನಲ್ಲಿ ಚೀಟಿ. ಯಾಕಂತೆ? ಅಗ್ನಿಶಾಮಕದವರು ಸಹಾಯಕ್ಕೆ ಬಂದರೆ ಅವರಿಗೂ ಹಸಿವಾಗುವುದಿಲ್ಲವೇ! ಚಟ್ನಿಪುಡಿಗೆ ಮಾತ್ರ ಕೆಂಪು ಅಕ್ಷರದಲ್ಲಿ 'ಎಚ್ಚರಿಕೆ' ಎಂದು ಬರೆದಿದ್ದಾರೆ.

ಮೇಣದಬತ್ತಿಗೆ ಮನೆಯೊಳಗೆ ಪ್ರವೇಶವಿಲ್ಲ. ಆಕ್ಸಿಜನ್ ಇರುವ ಕಡೆ ಬೆಂಕಿ ಕೂಡದು. ಸರಿ, ದೇವರ ದೀಪ? ಅದೂ ಬ್ಯಾಟರಿಯದೇ. "ದೇವರು ಅಡ್ಜಸ್ಟ್ ಮಾಡ್ಕೋತಾನೆ, ಆಕ್ಸಿಜನ್ ಮಾಡ್ಕೊಳ್ಳಲ್ಲ!"

ಇದನ್ನೆಲ್ಲ ಗೆಳೆಯರಿಗೆ ಹೇಳಿ ಎಷ್ಟು ನಕ್ಕಿದ್ದೇನೋ ಲೆಕ್ಕವಿಲ್ಲ. ಈ ಜನವರಿಯಲ್ಲಿ ಒಂದು ಶನಿವಾರ ಗಾಳಿ ಎದ್ದಿತು. ರೈಲು ನಿಂತಿದ್ದರಿಂದ ನಾನು ಅಲ್ಲೇ ಉಳಿದಿದ್ದೆ. ಸಂಜೆ ಆರು ಗಂಟೆಗೆ, ಕಾಫಿ ಕುಡಿಯುವಾಗ, ಬೀದಿಗೆ ಬೀದಿಯೇ ಕತ್ತಲಾಯಿತು. ಯಂತ್ರ ಕೂಗಿತು. ನಾನು ಟಾರ್ಚ್ ಹುಡುಕಿ ಹಿಡಿಯುವಷ್ಟರಲ್ಲಿ ದೊಡ್ಡಮ್ಮ ಕತ್ತಲಲ್ಲೇ ಕೊಳವೆ ಬದಲಿಸಿಯಾಗಿತ್ತು!

"ಎಷ್ಟು ಸೆಕೆಂಡ್ ಆಯ್ತು ದೊಡ್ಡಮ್ಮ?" ಎಂದು ನಗುತ್ತ ಕೇಳಿದೆ. ಅವರು ದೊಡ್ಡಪ್ಪನ ಮಣಿಕಟ್ಟು ಹಿಡಿದು, ಸಿಲಿಂಡರಿನ ಮಾಪಕದ ಮುಳ್ಳನ್ನೇ ನೋಡುತ್ತ ಕುಳಿತರು. ಪಕ್ಕದಲ್ಲಿ ಇನ್ನೆರಡು ತುಂಬಿದ ಸಿಲಿಂಡರ್ ಇದ್ದವು. ನಾನು ಕಲಸಿ ಕೊಟ್ಟ ಅವಲಕ್ಕಿ ಅವರ ಮುಂದೆ ಹಾಗೇ ಇತ್ತು.

ಎರಡು ಗಂಟೆ ಕಳೆದ ಮೇಲೆ ಕರೆಂಟು ಬಂತು. ಯಂತ್ರ ಗೊರಗೊರ ಎಂದಿತು. ಕೊಳವೆ ಮೊದಲಿನಂತೆ ಸೇರಿಸಿದರು. ನಾನು ಚಪ್ಪಾಳೆ ತಟ್ಟಿದೆ. ದೊಡ್ಡಮ್ಮ ಮತ್ತೆ ದೊಡ್ಡಪ್ಪನ ಕೈ ಹಿಡಿದುಕೊಂಡರು. ಯಂತ್ರ ಓಡುತ್ತಿದ್ದರೂ ಬಿಡಲಿಲ್ಲ.

"ಇಷ್ಟು ಹೊತ್ತೂ ನಾನು ಸರಿಯಾಗೇ ಉಸಿರಾಡಿದೀನಿ ಕಣೇ," ಎಂದರು ದೊಡ್ಡಪ್ಪ ಮೆಲ್ಲಗೆ. "ಈಗ ನೀನೂ ಸ್ವಲ್ಪ ಉಸಿರಾಡು."

ದೊಡ್ಡಮ್ಮ ಅವರ ಹೆಗಲಿಗೆ ಹಣೆಯಿಟ್ಟು, ನಾನು ಅಲ್ಲಿದ್ದೇನೆನ್ನುವುದನ್ನೂ ಮರೆತು, ಜೋರಾಗಿ ಅತ್ತುಬಿಟ್ಟರು.